ಗೀರು ಇದೆ, ಹಿಡಿತ ಇಲ್ಲ: ಹಳೆಯ ಬೈಕಿಗೆ ಯಾವ ಟೈರ್?

ಪ್ರಶ್ನೆ: ನನ್ನದು 2013ರ ಹೋಂಡಾ ಸಿಬಿಆರ್ 250ಆರ್. ಓಡಾಟ ಕಡಿಮೆ, ಆಗಾಗ ಆಗುಂಬೆ ಘಾಟಿ ಇಳಿದು ಉಡುಪಿಗೆ ಹೋಗಿಬರುತ್ತೇನೆ. ಟೈರ್‌ಗಳ ಗೀರು (ಟ್ರೆಡ್) ಇನ್ನೂ ಆಳವಾಗಿದೆ. ಆದರೂ ಕಳೆದ ಮಳೆಗಾಲದಲ್ಲಿ ಹಿಂದಿನ ಚಕ್ರ ಎರಡು ಸಲ ಜಾರಿತು. ಹಿಂದಕ್ಕೆ 150ರ ಅಗಲದ ಟೈರ್ ಹಾಕಿಸಿ, ಮುಂದಿನದು ಇರಲಿ ಎಂದು ಅಂಗಡಿಯವರು ಹೇಳುತ್ತಾರೆ. ಹಾಕಿಸಲೇ?
– ಓದುಗರು, ತೀರ್ಥಹಳ್ಳಿ

ಉತ್ತರ: ಬೇಡ. ಮೊದಲು ಬೈಕಿನ ಪಕ್ಕ ಕುಕ್ಕರಗಾಲಿನಲ್ಲಿ ಕುಳಿತು ಟೈರಿನ ಪಕ್ಕೆಯನ್ನು ಓದಿ. ಅಲ್ಲಿ ಅಚ್ಚೊತ್ತಿದ ನಾಲ್ಕು ಅಂಕಿ ಇರುತ್ತದೆ. 2316 ಎಂದಿದ್ದರೆ ಅದು 2016ರ 23ನೇ ವಾರ ತಯಾರಾದ ಟೈರ್. ಈ ಬದಿಯಲ್ಲಿ ಕಾಣದಿದ್ದರೆ ಆ ಬದಿಯಲ್ಲಿ ಹುಡುಕಿ. ಆಮೇಲೆ ಗೀರಿನ ತಳಕ್ಕೆ ಟಾರ್ಚ್ ಬಿಡಿ: ಕೂದಲೆಳೆಯಂಥ ಬಿರುಕು ಕಂಡರೆ, ಉಗುರು ಒತ್ತಿದರೂ ರಬ್ಬರ್ ಜಗ್ಗದಿದ್ದರೆ, ಗೀರು ಎಷ್ಟೇ ಉಳಿದಿರಲಿ, ಟೈರ್ ಮುಗಿಯಿತು. ನಮ್ಮ ಕಡೆ ಬೈಕ್ ಟೈರ್ ಓಡಿ ಸಾಯುವುದಕ್ಕಿಂತ ಕೊಟ್ಟಿಗೆಯಲ್ಲಿ ನಿಂತು ಸಾಯುವುದೇ ಹೆಚ್ಚು. ಒಣ ರಸ್ತೆಯಲ್ಲಿ ಅದು ಗೊತ್ತಾಗುವುದಿಲ್ಲ. ಹಾವಸೆ ಕಟ್ಟಿದ ತಿರುವಿನಲ್ಲಿ, ದಾರಿ ಬದಿಗೆ ಸುರಿದ ಅಡಿಕೆ ಸಿಪ್ಪೆ ಮಳೆಗೆ ಕೊಳೆತು ರಸ್ತೆಗಿಳಿದ ಕಡೆ ಗೊತ್ತಾಗುತ್ತದೆ. ಐದು ವರ್ಷ ದಾಟಿದ ಟೈರನ್ನು ನಾನಾದರೆ ಮಳೆಗಾಲಕ್ಕೆ ನಂಬುವುದಿಲ್ಲ. ಹಿಂದಿನದೂ ಮುಂದಿನದೂ ಒಂದೇ ವಯಸ್ಸಿನವಾದರೆ ಎರಡನ್ನೂ ಬದಲಿಸಿ. ಹಿಂದಿನದು ಜಾರಿದರೆ ಸಾವರಿಸಿಕೊಳ್ಳಬಹುದು. ಮುಂದಿನದು ಜಾರಿದರೆ ಆ ಹೊತ್ತೂ ಸಿಗುವುದಿಲ್ಲ.

ಇನ್ನು ಅಗಲದ ಆಸೆ. ನಿಮ್ಮ ಬೈಕಿನ ಅಳತೆ ಮುಂದೆ 110/70-17, ಹಿಂದೆ 140/70-17. ಮೊದಲ ಅಂಕಿ ಮಿ.ಮೀ. ಲೆಕ್ಕದ ಅಗಲ; ನಡುವಿನ 70 ಎಂದರೆ ಆ ಅಗಲದ ಶೇ 70ರಷ್ಟು ಎತ್ತರ, ಅಂದರೆ ಹಿಂದಿನದಕ್ಕೆ 98 ಮಿ.ಮೀ. ಅಂಗಡಿಯವರು ಕೊಡಲಿರುವುದು ಬಹುಶಃ 150/60; ಅದರ ಎತ್ತರ 90 ಮಿ.ಮೀ. ಬೈಕಿನ ಹಿಂಭಾಗ 8 ಮಿ.ಮೀ. ತಗ್ಗುತ್ತದೆ, ತಿರುವಿಗೆ ಬಾಗುವ ಚುರುಕು ಹೋಗುತ್ತದೆ. ಆಗುಂಬೆಯ 14 ಹಿಮ್ಮುರಿ ತಿರುವುಗಳಲ್ಲಿ ಬೇಕಾದದ್ದೇ ಆ ಚುರುಕು. ನಿಂತ ನೀರನ್ನು ಸೀಳುವುದರಲ್ಲೂ ಅಗಲದ ಟೈರ್ ಹಿಂದೆ. ಲಾಭವಿರುವುದು ಫೋಟೋದಲ್ಲಿ ಮಾತ್ರ. ನಾನೂ ಒಮ್ಮೆ ಈ ಆಸೆಗೆ ಬಿದ್ದವನೇ. ಮೂರು ತಿಂಗಳಿಗೆ ತೆಗೆಸಿದೆ.

ಈ ಅಳತೆಯಲ್ಲಿ ಎಂಆರ್‌ಎಫ್, ಅಪೊಲೊ, ಮಿಷೆಲಿನ್ ಎಲ್ಲವೂ ಸಿಗುತ್ತವೆ. ಕಂಪನಿಯ ಬಗ್ಗೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಡಿ. ಗೀರು ನಡುಭಾಗದಿಂದ ಅಂಚಿನವರೆಗೆ ಹರಿದಿರಬೇಕು. ರೇಸ್ ಟೈರಿನಂತೆ ಬೋಳು ಬೋಳಾಗಿರುವುದು ಮಲೆನಾಡಿಗೆ ಬೇಡ, ಕಾಡುದಾರಿಯ ಗುಬಟು ಟೈರೂ ಬೇಡ. ಮುಂದೆ ಒಂದು ಬಗೆ, ಹಿಂದೆ ಇನ್ನೊಂದು ಬಗೆ ಹಾಕಿಸದೆ, ರೇಡಿಯಲ್ (ಒಳಗಿನ ಎಳೆಗಳು ಒಂದು ಅಂಚಿನಿಂದ ಇನ್ನೊಂದಕ್ಕೆ ನೇರ ಅಡ್ಡ ಹಾಯ್ದ ಟೈರ್) ಆದರೆ ಎರಡೂ ರೇಡಿಯಲ್ ಇರಲಿ. ಹಿಂದಿನದರ ಮೇಲೆ 66ಎಸ್ ಅಥವಾ ಅದಕ್ಕಿಂತ ಮೇಲಿನದು ಇರಲಿ. 66 ಎಂದರೆ 300 ಕೆ.ಜಿ. ಭಾರ, ಎಸ್ ಎಂದರೆ ಗಂಟೆಗೆ 180 ಕಿ.ಮೀ.

ಕೊಳ್ಳುವಾಗಲೂ ಆ ನಾಲ್ಕು ಅಂಕಿ ನೋಡಿ. ಕಪಾಟಿನಲ್ಲಿ ಮೂರು ವರ್ಷ ಮಲಗಿದ ಟೈರನ್ನು ರಿಯಾಯಿತಿ ಎಂದು ಕೊಟ್ಟರೆ ಕೈಮುಗಿದು ಬನ್ನಿ. ವಾಲ್ವ್‌ಗಳನ್ನು ಆಗಲೇ ಬದಲಿಸಿ, ಬ್ಯಾಲೆನ್ಸ್ ಮಾಡಿಸಿ, ಪಕ್ಕೆಯ ಬಾಣದ ಗುರುತು ಚಕ್ರ ಸುತ್ತುವ ದಿಕ್ಕಿಗಿದೆಯೇ ನೋಡಿಕೊಳ್ಳಿ. ಹೊಸ ಟೈರಿನ ಮೈ ಮೊದಲ 150 ಕಿ.ಮೀ. ನುಣುಪಾಗಿಯೇ ಇರುತ್ತದೆ. ಶಿವಮೊಗ್ಗದಲ್ಲಿ ಹಾಕಿಸಿದರೆ ತೀರ್ಥಹಳ್ಳಿಗೆ ನಿಧಾನವಾಗಿ ಬನ್ನಿ, ಊರಲ್ಲೇ ನಾಲ್ಕು ದಿನ ಓಡಿಸಿ. ಘಾಟಿ ಮುಂದಿನ ವಾರಕ್ಕಿರಲಿ.