ನಾನು ಡಾಕ್ಟರ್. ರೋಗಿಗಳು ನಮಗೆ ಮೊದಲಿನ ಮರ್ಯಾದೆ ಕೊಡುವುದಿಲ್ಲ. ಕೊಡಗಿನಲ್ಲೇ ಇರಲಾ, ಸಿಟಿಗೆ ಹೋಗಲಾ?

ಗೂಗಲ್ ನೋಡಿಕೊಂಡು ಬಂದು ಎದುರು ಪ್ರಶ್ನೆ ಕೇಳ್ತಾರೆ ಅಂತ ಬೇಜಾರು ನಿಮಗೆ, ಅಲ್ವಾ? ನೀವು ಹೇಳುವ ಆ ಮೊದಲಿನ ಮರ್ಯಾದೆಯನ್ನು ಹೊಟ್ಟೆ ತುಂಬಾ ಉಂಡವನು ನಾನು. ಅದರಿಂದಲೇ ಒಬ್ಬರ ಪ್ರಾಣ ಹೋಗುವುದರಲ್ಲಿತ್ತು.

1997ರ ಜುಲೈ. ಗೋಣಿಕೊಪ್ಪದ ಹತ್ತಿರ ನನ್ನ ಸಣ್ಣ ಕ್ಲಿನಿಕ್. ಜಡಿಮಳೆ, ಕರೆಂಟಿಲ್ಲ, ಹೊರಗೆ ಮೂವತ್ತು ಜನ. ತೋಟದ ಕೆಲಸಗಾರರ ಲೈನ್ ಮನೆಯಿಂದ ಒಬ್ಬರು ಬಂದರು. ಜ್ವರ, ಕೆಂಪು ಕಣ್ಣು, ಮೀನಖಂಡ ಮುಟ್ಟಲು ಬಿಡದಷ್ಟು ನೋವು. ನೆಲ ಕೆಸರಾಗುತ್ತೆ ಅಂತ ಕಾಲನ್ನು ಸ್ಟೂಲಿನ ಅಡಿಗೆ ಎಳೆದುಕೊಂಡು ಕೂತಿದ್ದರು. "ಸೂಜಿ ಹಾಕಿ ಡಾಕ್ಟ್ರೇ" ಅಂದರು. ನೋವಿನ ಇಂಜೆಕ್ಷನ್ ಡೈಕ್ಲೋಫೆನಾಕ್ ಹಾಕಿ, ವೈರಲ್ ಜ್ವರ ಅಂದು ಕಳಿಸಿದೆ.

ಅವರಿಗೆ ಬಂದಿದ್ದು ಇಲಿ ಜ್ವರ. ಅದು ನನಗೆ ಗೊತ್ತಿರಲಿಲ್ಲ ಅಂತಲ್ಲ. ಇಲಿಯ ಮೂತ್ರ ಗದ್ದೆ ನೀರಿಗೆ ಸೇರುತ್ತೆ, ಕಾಲಿನ ಗಾಯದಿಂದ ರೋಗಾಣು ಒಳಗೆ ಹೋಗುತ್ತೆ. ಪರೀಕ್ಷೆಯಲ್ಲಿ ಬರೆದು ಪಾಸಾದವನೇ ನಾನು. ಆದರೆ ಕಣ್ಣು ಕೆಂಪಾಗಿದ್ದು ಕುಡಿದು ಅಂದುಕೊಂಡೆ. ಕೇಳಲಿಲ್ಲ, ಸುಮ್ನೆ ಅಂದುಕೊಂಡೆ. ಕಾಲು ನೋವು ನಾಟಿ ಮಾಡಿದ್ದಕ್ಕೆ ಅಂದುಕೊಂಡೆ. ನಾಟಿ ತಲೆಗೆ ಬಂತು, ಗದ್ದೆಯ ನೀರು ಬರಲಿಲ್ಲ ನೋಡಿ! ಕಾಲು ತೋರಿಸಿ ಅನ್ನೋಕೆ ಎಷ್ಟು ಹೊತ್ತು ಬೇಕಿತ್ತು? ಈ ಜ್ವರದ ಔಷಧಿ ಡಾಕ್ಸಿಸೈಕ್ಲಿನ್ ನನ್ನ ಬೀರುವಿನಲ್ಲೇ ಇತ್ತು. ಅದು ಬಿಟ್ಟು, ಕಿಡ್ನಿಗೆ ಇನ್ನಷ್ಟು ಭಾರ ಹಾಕುವ ಇಂಜೆಕ್ಷನ್ ಕೊಟ್ಟೆ.

ನಾಲ್ಕನೇ ದಿನ ಜೀಪಿನಲ್ಲಿ ಮಲಗಿಸಿಕೊಂಡು ಬಂದರು. ಕಣ್ಣು ಅರಿಶಿನ, ಮೂತ್ರ ನಿಂತಿತ್ತು. ಮೈಸೂರಿಗೆ ಕಳಿಸಿದೆ, ಡಯಾಲಿಸಿಸ್ ಆಯ್ತು. ಬದುಕಿದರು. ಅವರ ಹೆಂಡತಿ ಆಮೇಲೆ ಅಂದಿದ್ದು: "ಕಾಲಲ್ಲಿ ಗಾಯ ಇತ್ತು ಡಾಕ್ಟ್ರೇ. ನೀವು ಕೇಳಲಿಲ್ಲ, ಹೇಳಿದರೆ ಬೈತೀರಾ ಅಂತ ನಾವೂ ಸುಮ್ಮನಿದ್ದೆವು."

ಇದೇ ನಿಮ್ಮ ಹಳೇ ಮರ್ಯಾದೆ. ದುಡ್ಡು ತಗೊಂಡು ಕೊಡುವ ಚಿಕಿತ್ಸೆಯೂ ಗ್ರಾಹಕ ಕಾನೂನಿನಡಿ ಬರುತ್ತೆ ಅಂತ 1995ರಲ್ಲಿ ಸುಪ್ರೀಂ ಕೋರ್ಟ್ ಹೇಳಿದಾಗ, ನಮ್ಮನ್ನೂ ಅಂಗಡಿಯವರ ಸಾಲಿಗೆ ಸೇರಿಸಿದರು ಅಂತ ನಾನೂ ಗೊಣಗಿದ್ದೆ. ಅವರ ಹೆಂಡತಿಯ ಮಾತು ಕೇಳಿದ ಮೇಲೆ ಗೊಣಗಾಟ ನಿಂತಿತು. ಅವರು ಕೇಸು ಹಾಕಲಿಲ್ಲ, ಹಾಕಿದ್ದರೆ ನನ್ನ ಹತ್ತಿರ ಉತ್ತರ ಇರಲಿಲ್ಲ.

ಹಾಗಾಗಿ ರೋಗಿ ಫೋನ್ ತೆಗೆದರೆ ಮುಖ ಗಂಟು ಹಾಕಬೇಡಿ. ಈಸಿಕೊಂಡು ಜೊತೆಗೇ ಓದಿ. ಎಷ್ಟೋ ಸಲ ತಪ್ಪೇ ಇರುತ್ತೆ, ಇರಲಿ. ಅವರಿಗೆ ಏನು ಭಯ ಅಂತ ಎರಡು ನಿಮಿಷದಲ್ಲಿ ಗೊತ್ತಾಗುತ್ತೆ. ಗೂಗಲ್ ನೋಡಿ ಬರಬೇಡಿ ಅಂತ ಬೋರ್ಡ್ ಹಾಕುವ ಡಾಕ್ಟರುಗಳನ್ನು ಕಂಡರೆ ನನಗೆ ಆಗೋದಿಲ್ಲ. ಕೈ ಮಾಡಲು ಬಂದರೆ ಮಾತ್ರ ಪೊಲೀಸರಿಗೆ ಫೋನ್ ಮಾಡಿ, ಅದರಲ್ಲಿ ದಾಕ್ಷಿಣ್ಯ ಬೇಡ.

ಮುಂದೆ ಓದಿ ಪಿಜಿ ಮಾಡಬೇಕು ಅಂತಿದ್ದರೆ ಸಿಟಿಗೆ ಧಾರಾಳವಾಗಿ ಹೋಗಿ. ಮರ್ಯಾದೆ ಹುಡುಕಿಕೊಂಡು ಹೋಗಬೇಡಿ. ಅಲ್ಲಿ ನೆಟ್‌ವರ್ಕ್ ನಮ್ಮಲ್ಲಿಗಿಂತ ಚೆನ್ನಾಗಿ ಸಿಗುತ್ತೆ.