ಶಾರ್ಟ್ ಮಾಡುವವರನ್ನು ತಡೆದರೆ ಷೇರು ಬೀಳುವುದು ನಿಲ್ಲುತ್ತದೆಯೇ?

ಪ್ರಶ್ನೆ: ನನ್ನ ಹತ್ತಿರ ಇರುವ ಬ್ಯಾಂಕ್ ಷೇರೊಂದು ಮೊನ್ನೆ ಒಂದೇ ದಿನ ಶೇ 7 ಬಿತ್ತು. ಕೈಯಲ್ಲಿ ಷೇರೇ ಇಲ್ಲದವರು ಮಾರಿ ಬೀಳಿಸಿದರು ಅಂತ ಎಲ್ಲರೂ ಹೇಳುತ್ತಿದ್ದಾರೆ. ಹೀಗೆ ಇಲ್ಲದ ಷೇರನ್ನು ಮೊದಲು ಮಾರಿ, ಆಮೇಲೆ ಕಡಿಮೆ ಬೆಲೆಗೆ ಕೊಳ್ಳುವುದಕ್ಕೆ ಶಾರ್ಟ್ ಮಾಡುವುದು ಅಂತಾರಂತೆ. ಬೆಲೆ ಬೀಳುವಾಗ ಶಾರ್ಟ್ ಮಾಡುವಂತಿಲ್ಲ ಎಂಬ ನಿಯಮ ಅಮೆರಿಕದಲ್ಲಿ ಇದೆಯಂತೆ. ಇಲ್ಲೂ ತಂದರೆ ನಮ್ಮಂಥವರು ಬಚಾವಾಗುವುದಿಲ್ಲವೇ?
– ಓದುಗರು, ರಾಜಾಜಿನಗರ, ಬೆಂಗಳೂರು

ಉತ್ತರ: ನಿಮ್ಮ ಸಿಟ್ಟು ಅರ್ಥವಾಗುತ್ತದೆ. ಆದರೆ ಆ ನಿಯಮ ಶುರುವಾಗುವುದೇ ಷೇರು ಹಿಂದಿನ ದಿನದ ಮುಕ್ತಾಯಕ್ಕಿಂತ ಶೇ 10 ಬಿದ್ದ ಮೇಲೆ. ನಿಮ್ಮದು ಬಿದ್ದದ್ದು ಶೇ 7, ಅಲ್ವಾ? ಅಲ್ಲಿದ್ದರೂ ಲೆಕ್ಕಕ್ಕೆ ಬರುತ್ತಿರಲಿಲ್ಲ.

ಇನ್ನೊಂದು, ಅದು ನಿಷೇಧವಲ್ಲ. ನಿಮ್ಮ ಆ್ಯಪ್‌ನಲ್ಲಿ ಮಾರ್ಕೆಟ್ ಡೆಪ್ತ್ (ಕೊಳ್ಳುವವರ, ಮಾರುವವರ ಬೆಲೆಗಳ ಪಟ್ಟಿ) ತೆರೆಯಿರಿ. ಕೊಳ್ಳುವವರು ಕೊಡುವ ಹೆಚ್ಚಿನ ಬೆಲೆ 450, ಮಾರುವವರು ಕೇಳುವ ಕಡಿಮೆ ಬೆಲೆ 450.10 ಅಂತ ಇಟ್ಟುಕೊಳ್ಳಿ. ತಡೆ ಇದ್ದಾಗ ಶಾರ್ಟ್ ಮಾಡುವವನು 450ಕ್ಕೆ ಮಾರುವಂತಿಲ್ಲ. 450.05ಕ್ಕೋ ಅದಕ್ಕಿಂತ ಮೇಲೋ ಆರ್ಡರ್ ಹಾಕಿ ಕಾಯಬೇಕು, ಅಷ್ಟೇ. ಷೇರು ಇರುವವರು ಗಾಬರಿಯಾಗಿ 440ಕ್ಕೆ ಮಾರಿದರೂ ತಡೆಯುವವರಿಲ್ಲ. ಕೆಟ್ಟ ಸುದ್ದಿ ಬಂದ ದಿನ ಬೆಲೆ ಇಳಿಯಲು ಅವರೇ ಸಾಕು.

ಅಲ್ಲಿನ ನಿಯಂತ್ರಕ ಎಸ್‌ಇಸಿ ಇದನ್ನು ಪರೀಕ್ಷಿಸಿಯೇ ನೋಡಿತ್ತು. ಹಿಂದಿನ ವಹಿವಾಟಿನ ಬೆಲೆಗಿಂತ ಬೆಲೆ ಏರಿದಾಗ ಮಾತ್ರ ಶಾರ್ಟ್ ಮಾಡಬಹುದು ಎನ್ನುತ್ತಿದ್ದ, 1938ರಿಂದ ಇದ್ದ ಹಳೆಯ ಅಪ್‌ಟಿಕ್ ನಿಯಮವನ್ನು 2005ರಲ್ಲಿ ಸುಮಾರು 1,000 ಷೇರುಗಳಿಗೆ ಮಾತ್ರ ಸಡಿಲಿಸಿತು. ಅವುಗಳಲ್ಲಿ ಶಾರ್ಟ್ ವಹಿವಾಟು ಜಾಸ್ತಿಯಾಯಿತು. ಬೆಲೆಯಲ್ಲಿ, ದಿನದ ಏರಿಳಿತದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. 2007ರಲ್ಲಿ ನಿಯಮವನ್ನೇ ತೆಗೆದರು. ಮರುವರ್ಷವೇ ಬಿಕ್ಕಟ್ಟು ಬಂತು, ಕೂಗೆದ್ದಿತು, 2010ರಲ್ಲಿ ಈಗಿನ ಶೇ 10ರ ನಿಯಮ ಬಂತು. ಅದರಲ್ಲಿ ರಾಜಕೀಯದ ಪಾಲೂ ಇತ್ತು ಅಂತ ನನ್ನ ಅನಿಸಿಕೆ.

ಪೂರ್ತಿ ನಿಷೇಧದ ಕಥೆ ಇನ್ನೂ ಕೆಟ್ಟದು. 2008ರ ಸೆಪ್ಟೆಂಬರ್‌ನಲ್ಲಿ ಅಮೆರಿಕ ಹಣಕಾಸು ಕಂಪನಿಗಳ ಷೇರುಗಳಲ್ಲಿ ಶಾರ್ಟ್ ಮಾಡುವುದನ್ನು ಸುಮಾರು ಮೂರು ವಾರ ನಿಲ್ಲಿಸಿತು. ಷೇರುಗಳು ಬೀಳುವುದು ನಿಲ್ಲಲಿಲ್ಲ. ಕೊಳ್ಳುವ ಬೆಲೆಗೂ ಮಾರುವ ಬೆಲೆಗೂ ನಡುವಿನ ಅಂತರ ಮಾತ್ರ ದೊಡ್ಡದಾಯಿತು. ಈ ಅಂತರವೇ ನಿಮ್ಮ ಜೇಬಿಗೆ ಕೈ ಹಾಕುವುದು. ಅದು 10 ಪೈಸೆಯಿಂದ ಒಂದು ರೂಪಾಯಿಗೆ ಹೋದರೆ, 200 ಷೇರು ಕೊಂಡು ಮಾರುವಾಗ 20 ರೂಪಾಯಿ ಹೋಗುವ ಕಡೆ 200 ಹೋಗುತ್ತದೆ. ಬ್ರೋಕರ್ ಬಿಲ್ಲಿನಲ್ಲಿ ಇದು ಕಾಣುವುದೇ ಇಲ್ಲ.

ನಮ್ಮಲ್ಲಿ ಷೇರು ತಲುಪಿಸದ ನೇಕೆಡ್ ಶಾರ್ಟ್‌ಗೆ ಸೆಬಿ ಅವಕಾಶ ಕೊಟ್ಟಿಲ್ಲ. ಇಂಟ್ರಾಡೇಯಲ್ಲಿ, ಅಂದರೆ ಒಂದೇ ದಿನದೊಳಗಿನ ವಹಿವಾಟಿನಲ್ಲಿ, ಬೆಳಿಗ್ಗೆ ಮಾರಿದವನು ಮಾರುಕಟ್ಟೆ ಮುಚ್ಚುವುದರೊಳಗೆ ವಾಪಸ್ ಕೊಳ್ಳಲೇಬೇಕು. ಇಲ್ಲವೇ ವಹಿವಾಟು ಆಕ್ಷನ್‌ಗೆ ಹೋಗುತ್ತದೆ, ಅಂದರೆ ಅವನ ಖರ್ಚಿನಲ್ಲಿ ಆ ಷೇರನ್ನು ಬೇರೆಯವರಿಂದ ಹರಾಜಿನಲ್ಲಿ ಕೊಳ್ಳಲಾಗುತ್ತದೆ. ಅಂದರೆ ನೀವು ಬೈಯುತ್ತಿರುವ ಮನುಷ್ಯ ಮಧ್ಯಾಹ್ನದ ಹೊತ್ತಿಗೆ ಕೊಳ್ಳುವವರ ಸಾಲಿನಲ್ಲಿ ನಿಂತಿರುತ್ತಾನೆ. ಜತೆಗೆ ದೊಡ್ಡ ಬ್ಯಾಂಕ್‌ಗಳ ಷೇರಿಗೆಲ್ಲ ಫ್ಯೂಚರ್ಸ್ (ಮುಂದಿನ ದಿನಾಂಕಕ್ಕೆ ಈಗಲೇ ಬೆಲೆ ಗೊತ್ತು ಮಾಡುವ ಒಪ್ಪಂದ) ಇದೆ. ಷೇರನ್ನೇ ಕೊಂಡು ಮಾರುವ ಕ್ಯಾಶ್ ಮಾರುಕಟ್ಟೆಯಲ್ಲಿ ತಡೆದರೆ ಅಲ್ಲಿಗೆ ಹೋಗುತ್ತಾರೆ.

ನಿಮ್ಮ ಬ್ಯಾಂಕಿನ ತ್ರೈಮಾಸಿಕ ಫಲಿತಾಂಶದಲ್ಲಿ ವಸೂಲಾಗದ ಸಾಲ ಎಷ್ಟಿದೆ ಅಂತ ಮೊದಲು ನೋಡಿ. ಬೀಳುವ ದಿನವೇ ಮಾರಲೇಬೇಕಾಗಿ ಬಂದರೆ ಸಿಕ್ಕ ಬೆಲೆಗೆ ಮಾರಿಬಿಡುವ ಮಾರ್ಕೆಟ್ ಆರ್ಡರ್ ಬೇಡ, ಇದಕ್ಕಿಂತ ಕಡಿಮೆಗೆ ಇಲ್ಲ ಅಂತ ಬೆಲೆ ಹೇಳುವ ಲಿಮಿಟ್ ಆರ್ಡರ್ ಹಾಕಿ.