ಪ್ರತಿಕ್ರಿಯೆ: ಘಟಿಕೋತ್ಸವ ಮುಂದೆ ಹೋಗಿದೆ, ಕೆಲಸಕ್ಕೆ ಡಿಗ್ರಿ ಸರ್ಟಿಫಿಕೇಟ್ ಕೇಳ್ತಿದ್ದಾರೆ

ಮುಂದೆ ಹೋಗಿರುವುದು ಸಮಾರಂಭ, ನಿಮ್ಮ ಫಲಿತಾಂಶವಲ್ಲ. ಕಂಪನಿಯವರಿಗೆ ಈಗ ಬೇಕಿರುವುದು ಬಹುಶಃ ಪಿಡಿಸಿ, ಅಂದರೆ ತಾತ್ಕಾಲಿಕ ಪದವಿ ಪ್ರಮಾಣಪತ್ರ. ಅದಕ್ಕೆ ಘಟಿಕೋತ್ಸವದವರೆಗೆ ಕಾಯಬೇಕಿಲ್ಲ. ಮೊದಲು ಎಚ್‌ಆರ್‌ಗೆ ಮೇಲ್ ಮಾಡಿ, ಪಿಡಿಸಿ ಸಾಕೇ ಅಂತ ಕೇಳಿ; ಕೆಲವರು ಒಪ್ಪುವುದಿಲ್ಲ.

ಒಪ್ಪಿದರೆ ಎಲ್ಲ ಸೆಮಿಸ್ಟರ್‌ಗಳ ಅಂಕಪಟ್ಟಿ, ಜೆರಾಕ್ಸ್ ಹಿಡಿದು ಕಾರವಾರದಲ್ಲೇ ನಿಮ್ಮ ಕಾಲೇಜು ಆಫೀಸಿಗೆ ಹೋಗಿ. ಹೆಸರು ಎಸ್ಸೆಸ್ಸೆಲ್ಸಿ ಕಾರ್ಡಿನಲ್ಲಿರುವಂತೆಯೇ ಇದೆಯೇ ನೋಡಿ. ಒಂದಕ್ಷರ ಆಚೀಚೆ ಇದ್ದರೂ ಮೊದಲು ಅದನ್ನೇ ತಿದ್ದಿಸಿ, ಆಮೇಲೆ ಪಿಡಿಸಿಗೆ ಅರ್ಜಿ. ಅರ್ಜಿಯ ಮೇಲೆ ಪ್ರಿನ್ಸಿಪಾಲರ ಸಹಿ, ಸೀಲು ಬಿದ್ದಿದೆಯೇ ಅಂತ ನೋಡಿಕೊಳ್ಳದೆ, ವಿಶ್ವವಿದ್ಯಾಲಯವಿರುವ ಧಾರವಾಡದ ಬಸ್ ಹತ್ತಬೇಡಿ. ಅರಬೈಲ್ ಘಟ್ಟ ಹತ್ತಿ ಹೋಗಿ ಒಂದು ಸಹಿಗಾಗಿ ವಾಪಸ್ ಇಳಿಯುವ ಕರ್ಮ ಯಾರಿಗೂ ಬೇಡ.

ಘಟಿಕೋತ್ಸವದ ಅರ್ಜಿ ಬೇರೆ, ಅದನ್ನೂ ಮರೆಯದೆ ಹಾಕಿ. ಗೈರುಹಾಜರಿಯಲ್ಲಿ ಪದವಿ ಪಡೆಯುವ ಆಯ್ಕೆ ಇದ್ದರೆ ಅದಕ್ಕೇ ಟಿಕ್ ಮಾಡಿ.